ಫಾರ್ಮಾಸಿಸ್ಟ್ ಕೆಲಸ ಬದಲಾಗುತ್ತಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ನನಗೆ 22 ವರ್ಷ ಆಯಿತು. ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿ ಕೆಲಸಕ್ಕೆ ಸೇರಿದವನು, ಎಷ್ಟೋ ವರ್ಷದ ಮೇಲೆ ಕೆಲಸದ ಜೊತೆಗೇ ಮತ್ತೆ ಓದಿದೆ. ಈಗ ನಮ್ಮ ಅಂಗಡಿಗೆ ತರಬೇತಿಗೆ ಬರುವ ಹುಡುಗ ಹುಡುಗಿಯರು, ಬೇರೆ ಊರುಗಳ ಫಾರ್ಮಾಸಿಸ್ಟ್ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಚೀಟಿ ನೋಡಿ ಮಾತ್ರೆ ಕೊಡೋದಕ್ಕೆ ಇಷ್ಟೆಲ್ಲ ಓದು ಯಾಕೆ?

ನಾನು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಒಬ್ಬ ಹಿರಿಯರು ಕೀಲುನೋವಿನ ಚೀಟಿ ತಂದರು. ಅದರಲ್ಲಿ ಮೆಥೋಟ್ರೆಕ್ಸೇಟ್ ಇತ್ತು. ಅದು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಡಾಕ್ಟರು ಅದನ್ನು ಸರಿಯಾಗಿಯೇ ಬರೆದಿದ್ದರು. ಸಂಜೆ ಹೊತ್ತು, ಅಂಗಡಿ ತುಂಬ ಜನ. ಕೈ ಅಭ್ಯಾಸದಂತೆ ಕವರ್ ಮೇಲೆ ‘ರಾತ್ರಿ 1’ ಅಂತ ಬರೆದುಬಿಟ್ಟೆ.

ಐದನೇ ದಿನ ಅವರ ಮಗಳು ಬಂದಳು. “ಅಣ್ಣಾ, ಅಪ್ಪಂಗೆ ಬಾಯೆಲ್ಲ ಹುಣ್ಣಾಗಿದೆ, ನೀರು ಕುಡಿಯೋಕೂ ಆಗ್ತಿಲ್ಲ. ಹಚ್ಚೋಕೆ ಏನಾದ್ರೂ ಕೊಡಿ” ಅಂದಳು. ನಾನು ಬಾಯಿಹುಣ್ಣಿನ ಮುಲಾಮು ತೆಗೆದು ಕೊಡುವುದರಲ್ಲಿದ್ದೆ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಕವರ್ ಕಣ್ಣಿಗೆ ಬಿತ್ತು. ನನ್ನದೇ ಅಕ್ಷರ. ವಾರಕ್ಕೊಂದು ನುಂಗಬೇಕಿದ್ದದ್ದನ್ನು ಅವರು ದಿನಾ ನುಂಗಿದ್ದರು. ಬಾಯಿಹುಣ್ಣು ಆ ಔಷಧ ಮೈಯಲ್ಲಿ ಜಾಸ್ತಿಯಾದದ್ದರ ಮೊದಲ ಗುರುತುಗಳಲ್ಲಿ ಒಂದು. ಆಗಲೇ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಸ್ಪತ್ರೆಗೆ ಸೇರಿಸಿದರು. ದೇವರು ದೊಡ್ಡವನು, ಅವರು ಗುಣವಾಗಿ ಮನೆಗೆ ಹೋದರು. ಅಂಗಡಿ ಮಾಲೀಕರು ಮಾತ್ರ “ನೀನ್ಯಾಕೆ ಬಾಯಿ ಬಿಟ್ಟೆ, ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ” ಅಂದರು. ಆ ಅಂಗಡಿಯಲ್ಲಿ ನಾನು ಹೆಚ್ಚು ದಿನ ಉಳಿಯಲಿಲ್ಲ.

ಈಗಲೂ ಆ ಮಾತ್ರೆ ಕೊಡುವಾಗ ಕವರ್ ಮೇಲೆ ವಾರದ ಹೆಸರನ್ನೇ ದೊಡ್ಡದಾಗಿ ಬರೆಯುತ್ತೇನೆ: ‘ಸೋಮವಾರ ಮಾತ್ರ’. ಜೊತೆಗೆ ಬಾಯಲ್ಲೂ ಹೇಳಿಸಿಕೊಳ್ಳುತ್ತೇನೆ. ಅದರ ಜೊತೆ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಬರೆದಿರುತ್ತಾರೆ. ಎರಡೂ ನೋಡಲು ಸಣ್ಣ ಹಳದಿ ಮಾತ್ರೆಗಳಾಗಿದ್ದರೆ ಬೇರೆ ಬೇರೆ ಕವರ್‌ಗೆ ಹಾಕುತ್ತೇನೆ. ಇಷ್ಟೆಲ್ಲ ಓದು ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಕಾಂಪೌಂಡರ್, ಫಾರ್ಮಾಸಿಸ್ಟ್, ಫಾರ್ಮಸಿ ಅಧಿಕಾರಿ: ಎಲ್ಲ ಒಂದೇನಾ?

ಹೆಸರು ಬದಲಾದ ಹಾಗೆ ಕೆಲಸವೂ ಬದಲಾಗಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಕಾಂಪೌಂಡರ್ ಡಾಕ್ಟರು ಹೇಳಿದ್ದನ್ನು ಅಳೆದು, ಅರೆದು, ಬೆರೆಸಿ ಸೀಸೆಗೆ ತುಂಬಿ ಕೊಡುತ್ತಿದ್ದರು. ಸೀಸೆಗೆ ಅಂಟಿಸಿದ ಕಾಗದದ ಪಟ್ಟಿಯಲ್ಲೇ ಡೋಸ್ ಲೆಕ್ಕ. ಕಂಪನಿಗಳಿಂದ ತಯಾರಾದ ಮಾತ್ರೆ ಬಂದಮೇಲೆ ಬೆರೆಸುವ ಕೆಲಸ ಹೋಯಿತು. ಕೆಲವರು ಫಾರ್ಮಾಸಿಸ್ಟ್ ಅಂದರೆ ಮಾತ್ರೆ ಎಣಿಸಿ ಬಿಲ್ ಹಾಕುವವರು ಅಂದುಕೊಂಡರು. ಈಗ ಮತ್ತೊಂದು ತಿರುವು. ಔಷಧವನ್ನು ರೋಗಿ ಸರಿಯಾಗಿ ಬಳಸುವಂತೆ ನೋಡಿಕೊಳ್ಳುವುದೂ ನಮ್ಮ ಕೆಲಸ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹುದ್ದೆಯ ಈಗಿನ ಹೆಸರು ಫಾರ್ಮಸಿ ಅಧಿಕಾರಿ.

ಕಾನೂನಿನ ಬೇರು ಮಾತ್ರ ಹಳೆಯದು. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಯ ಮೇಲೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಾಸಿಸ್ಟ್‌ಗೆ ಮಾತ್ರ.

ಡಿ.ಫಾರ್ಮ್ ಮುಗಿಸಿದ ಕೂಡಲೇ ನೋಂದಣಿ ಸಿಗುತ್ತಾ?

ಮೊದಲು ಹಾಗಿತ್ತು. 2 ವರ್ಷದ ಓದು, ಆಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿ, ಅಲ್ಲಿಂದ ಸೀದಾ ರಾಜ್ಯ ಫಾರ್ಮಸಿ ಕೌನ್ಸಿಲ್‌ಗೆ ನೋಂದಣಿ ಅರ್ಜಿ. 2022ರಲ್ಲಿ ಬಂದ ನಿಯಮದಿಂದ ಹೊಸಬರಿಗೆ ಎಕ್ಸಿಟ್ ಪರೀಕ್ಷೆ ಸೇರಿಕೊಂಡಿದೆ. ಮೂರು ಪತ್ರಿಕೆ, ಪ್ರತಿಯೊಂದರಲ್ಲೂ ಶೇ. 50 ಅಂಕ ಬರಬೇಕು. ಹುಡುಗರು ಇದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ 500 ಗಂಟೆಯನ್ನು ಕೌಂಟರ್‌ನಲ್ಲಿ ನಿಜವಾಗಿ ನಿಂತು ಕಳೆದವರಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿದಿರುತ್ತದೆ. ತೊಂದರೆ ಆಗುವುದು ಅಂಗಡಿಗೆ ಕಾಲಿಡದೆ ತರಬೇತಿ ಪತ್ರ ತಂದವರಿಗೆ.

ಕೆಲಸ ಬಿಡದೆ ಮುಂದೆ ಓದುವ ದಾರಿ ಇದೆಯಾ?

ಇದೆ. ನಾನು ಹಿಡಿದದ್ದು ಅದೇ ದಾರಿ. 2014ರಲ್ಲಿ ಬಿ.ಫಾರ್ಮ್ ಪ್ರಾಕ್ಟಿಸ್ ಅನ್ನುವ 2 ವರ್ಷದ ಪದವಿ ಕೋರ್ಸಿಗೆ ನಿಯಮ ಬಂತು. ಡಿ.ಫಾರ್ಮ್ ಆಗಿ, ನೋಂದಣಿ ಇದ್ದು, ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕನಿಷ್ಠ 4 ವರ್ಷ ಕೆಲಸ ಮಾಡಿದವರಿಗಾಗಿಯೇ ಮಾಡಿದ ಕೋರ್ಸ್ ಅದು. ಸೇರುವ ಮೊದಲು ಆ ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯಾ ಅಂತ ಭಾರತೀಯ ಫಾರ್ಮಸಿ ಕೌನ್ಸಿಲ್‌ನ ಪಟ್ಟಿಯಲ್ಲಿ ನೀವೇ ನೋಡಿ. ಏಜೆಂಟ್ ಮಾತು ನಂಬಿ ದುಡ್ಡು ಕಟ್ಟಬೇಡಿ.

ಕೆಲಸ ಬಿಟ್ಟು ಓದುವ ಅನುಕೂಲ ಇದ್ದರೆ ಡಿ.ಫಾರ್ಮ್ ಆದವರು ಬಿ.ಫಾರ್ಮ್ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೂಡ ಇದೆ. 2008ರಲ್ಲಿ ಶುರುವಾದ 6 ವರ್ಷದ ಓದು, ಕೊನೆಯ 1 ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್ ಆಗಿದ್ದರೆ ಅದೇ ಫಾರ್ಮ್.ಡಿ 3 ವರ್ಷಕ್ಕೆ ಮುಗಿಯುತ್ತದೆ. ಔಷಧ ತಯಾರಿಕೆ, ಸಂಶೋಧನೆ ಕಡೆ ಮನಸ್ಸಿದ್ದರೆ ಜಿಪ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂ.ಫಾರ್ಮ್ (ಸ್ನಾತಕೋತ್ತರ ಪದವಿ) ಮಾಡಬಹುದು. ಡ್ರಗ್ ಇನ್ಸ್‌ಪೆಕ್ಟರ್ ಆಗುವ ಆಸೆ ಇದ್ದವರಿಗೆ ಡಿಪ್ಲೊಮಾ ಸಾಲದು, ಪದವಿ ಬೇಕು.

ನೋಂದಣಿ ರಿನ್ಯೂವಲ್‌ಗೆ ರಿಫ್ರೆಶರ್ ಕೋರ್ಸ್ ಕಡ್ಡಾಯವಾ? ಹೋಗಿ ಸಹಿ ಹಾಕಿ ಬಂದರೆ ಆಗಲ್ವಾ?

ಕಡ್ಡಾಯ. 2015ರ ಫಾರ್ಮಸಿ ಪ್ರಾಕ್ಟಿಸ್ ನಿಯಮಗಳ ಪ್ರಕಾರ 5 ವರ್ಷದಲ್ಲಿ ಕನಿಷ್ಠ 2 ರಿಫ್ರೆಶರ್ ಕೋರ್ಸ್‌ಗೆ ಹೋಗಿರಬೇಕು. ಒಂದೊಂದೂ ಕನಿಷ್ಠ ಒಂದು ದಿನದ್ದು.

ನೀವೇ ಲೆಕ್ಕ ಹಾಕಿ. 5 ವರ್ಷಕ್ಕೆ 2 ದಿನ! ಆ 5 ವರ್ಷದಲ್ಲಿ ಎಷ್ಟು ಹೊಸ ಶುಗರ್ ಮಾತ್ರೆ ಬಂದಿವೆ, ಎಷ್ಟು ಬಗೆಯ ಇನ್ಸುಲಿನ್ ಪೆನ್ ಬಂದಿವೆ, ಎಷ್ಟು ಮಿಶ್ರಣ ಮಾತ್ರೆಗಳಿಗೆ ನಿಷೇಧ ಬಂದಿದೆ! ನಿಯಮ ಕೇಳುವುದು ತೀರಾ ಕಡಿಮೆ ಅನ್ನುವುದೇ ನನ್ನ ತಕರಾರು. ಆ ಎರಡು ದಿನವನ್ನೂ ಮಧ್ಯಾಹ್ನದ ಊಟಕ್ಕೆ ಹೋಗಿ ಬರುವ ದಿನ ಮಾಡಿಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಹೋಗುವಾಗ ನಿಮ್ಮ ಅಂಗಡಿಯಲ್ಲಿ ಉತ್ತರ ಸಿಗದ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಪಾಠ ಮಾಡಲು ಬಂದವರನ್ನು ಟೀ ವಿರಾಮದಲ್ಲಿ ಹಿಡಿದು ಕೇಳಿ. ನಾನು ಜಾಸ್ತಿ ಕಲಿತದ್ದು ಹಾಲ್ ಒಳಗಿಗಿಂತ ಆ ಟೀ ಟೇಬಲ್ ಹತ್ತಿರ.

ಅಂಗಡಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 10. ಕಲಿಯೋದು ಯಾವಾಗ?

ಮಧ್ಯಾಹ್ನ 2ರಿಂದ 4 ಅಂಗಡಿ ಬಿಕೋ ಅನ್ನುತ್ತೆ ಅಲ್ವಾ? ಆಗ ಮೊಬೈಲ್ ಪಕ್ಕಕ್ಕಿಟ್ಟು ಒಂದು ಪೆಟ್ಟಿಗೆ ಬಿಚ್ಚಿ. ಒಳಗೆ ಮಡಚಿಟ್ಟ ತೆಳು ಕಾಗದ ಇರುತ್ತದೆ. ನಾವು ಅದನ್ನು ಕಸಕ್ಕೆ ಹಾಕುತ್ತೇವೆ. ದಿನಕ್ಕೆ ಒಂದು ಓದಿ. ಯಾರಿಗೆ ಕೊಡಬಾರದು, ಯಾವುದರ ಜೊತೆ ಕೂಡಬಾರದು, ಊಟಕ್ಕೆ ಮುಂಚೆಯೋ ಆಮೇಲೋ: ಈ ಮೂರನ್ನು ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದಿಡಿ. ಕನ್ನಡದಲ್ಲಿ ಬರೆದದ್ದು ರೋಗಿ ಮುಂದೆ ಬಾಯಿಗೆ ತಾನಾಗಿ ಬರುತ್ತದೆ.

ಇನ್ನೊಂದು ಅಭ್ಯಾಸ: ಹೆಸರು ಹತ್ತಿರ ಹತ್ತಿರ ಇರುವ ಬ್ರ್ಯಾಂಡ್‌ಗಳನ್ನು ಒಂದೇ ಸಾಲಿನಲ್ಲಿ ಇಡಬೇಡಿ. ಅಕ್ಷರಕ್ರಮದಲ್ಲಿ ಜೋಡಿಸಿದ ಕಪಾಟಿನಲ್ಲಿ ತಪ್ಪಾಗುವುದು ಇದರಿಂದಲೇ. ತಪ್ಪಾಗುವುದರಲ್ಲಿ ಸ್ವಲ್ಪದರಲ್ಲಿ ಉಳಿದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಕೂತು ಆ ಪುಟ ಓದುತ್ತೇವೆ. ಯಾರನ್ನೂ ಬೈಯುವುದಿಲ್ಲ. ಬೈದರೆ ಮುಂದಿನ ತಿಂಗಳು ಪುಟ ಖಾಲಿ ಇರುತ್ತದೆ.

ಕೌನ್ಸೆಲಿಂಗ್ ಅಂದರೆ ಏನು ಮಾಡಬೇಕು? ರೋಗಿಗೆ ಪುರಸೊತ್ತೇ ಇರಲ್ಲ.

ದೊಡ್ಡ ಹೆಸರು ಕೇಳಿ ಹೆದರಬೇಡಿ. ಯಾವ ಔಷಧ, ಯಾಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಎಲ್ಲಿ ಇಡಬೇಕು. 2015ರ ನಿಯಮ ಕೇಳುವುದೂ ಇಂಥದ್ದನ್ನೇ. ಒಂದು ನಿಮಿಷದ ಮಾತು.

ಒಂದು ಉದಾಹರಣೆ ಹೇಳುತ್ತೇನೆ. ಉಬ್ಬಸಕ್ಕೆ ರೋಟಾಕ್ಯಾಪ್ ಕೊಡುತ್ತೇವೆ. ನೋಡಲು ಮಾಮೂಲಿ ಕ್ಯಾಪ್ಸೂಲ್ ಥರಾನೇ ಇರುತ್ತದೆ. ಒಬ್ಬ ಅಮ್ಮ ಎರಡು ತಿಂಗಳು ಬಿಡದೆ ಕೊಂಡುಹೋದರು. ಉಬ್ಬಸ ಕಡಿಮೆಯೇ ಆಗಲಿಲ್ಲ. “ಅಮ್ಮಾ, ಹೇಗೆ ತಗೋತೀರಾ, ಸ್ವಲ್ಪ ತೋರಿಸಿ” ಅಂದೆ. “ನೀರಲ್ಲಿ ನುಂಗ್ತೀನಪ್ಪ, ಇನ್ಹೇಗೆ?” ಅಂದರು. ಅದರ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಯಂತ್ರ ಎಲ್ಲಿ ಅಂದರೆ “ಮಗು ಆಟಕ್ಕೆ ತಗೊಂಡಿದೆ” ಅಂದರು. ಸಾಧನದೊಳಗೆ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು ಜೋರಾಗಿ ಎಳೆದು, 10 ಎಣಿಸುವವರೆಗೆ ಹಿಡಿಯಬೇಕು ಅಂತ ಖಾಲಿ ಸಾಧನದಲ್ಲಿ ಮಾಡಿ ತೋರಿಸಿದೆ. ಅವರಿಂದಲೂ ಮಾಡಿಸಿದೆ. ಮೂರನೇ ಸಲಕ್ಕೆ ಸರಿಯಾಯಿತು. ಎರಡು ತಿಂಗಳಲ್ಲಿ ಅವರಿಗೆ ಎಷ್ಟು ಸಲ ಬಿಲ್ ಕೊಟ್ಟಿದ್ದೆವು, ಒಮ್ಮೆಯೂ ಈ ಪ್ರಶ್ನೆ ಕೇಳಿರಲಿಲ್ಲ.

ಅದಕ್ಕೇ “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ “ಹ್ಞೂಂ” ಅನ್ನುತ್ತಾರೆ. “ಮನೇಲಿ ಹೇಗೆ ತಗೋತೀರಾ, ಒಂದ್ಸಲ ಹೇಳಿ” ಅನ್ನಿ. ಓದು ಬಾರದವರಿಗೆ ಕವರ್ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಇನ್ಸುಲಿನ್ ಅನ್ನು ಫ್ರಿಜ್‌ನಲ್ಲಿಡಿ ಅಂದರೆ ಸಾಲದು, ಫ್ರೀಜರ್‌ನಲ್ಲಿ ಬೇಡ ಅಂತಲೂ ಹೇಳಿ. 2ರಿಂದ 8 ಡಿಗ್ರಿ ಅನ್ನುವುದು ನಮ್ಮ ಭಾಷೆ, ‘ಬಾಗಿಲಿನ ತಟ್ಟೆಯಲ್ಲಿಡಿ, ಐಸ್ ಹತ್ತಿರ ಬೇಡ’ ಅನ್ನುವುದು ಅವರ ಭಾಷೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಕೇಳದಿದ್ದರೆ ಅವರು ಸಂಕೋಚಕ್ಕೆ ಹೇಳುವುದಿಲ್ಲ.

ಮಾತ್ರೆ ತಗೊಂಡು ಮೈಯೆಲ್ಲ ದದ್ದು ಬಂತು ಅಂತ ಬರುತ್ತಾರೆ. ನಮ್ಮ ಕೆಲಸ ಏನು?

ಮೊದಲು ಡಾಕ್ಟರ ಹತ್ತಿರ ಕಳಿಸಿ. ಉಸಿರಾಟದ ತೊಂದರೆ, ಮುಖ ಊದಿಕೊಳ್ಳುವುದು ಇದ್ದರೆ ಒಂದು ಕ್ಷಣವೂ ಕಾಯಬೇಡಿ. ಆಮೇಲೆ ವರದಿ ಮಾಡಿ. 2010ರಿಂದ ದೇಶದಲ್ಲಿ ಔಷಧಗಳ ಅಡ್ಡ ಪರಿಣಾಮಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ ಇದೆ. ಅದರ ಕೇಂದ್ರ ಘಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಡಾಕ್ಟರೇ ವರದಿ ಮಾಡಬೇಕು ಅಂತೇನೂ ಇಲ್ಲ. ಫಾರ್ಮಾಸಿಸ್ಟ್ ಮಾಡಬಹುದು, ರೋಗಿಯೂ ಮಾಡಬಹುದು. ಉಚಿತ ಸಹಾಯವಾಣಿ 1800-180-3024. ಇದು ಆ ಔಷಧದಿಂದಲೇ ಬಂತು ಅಂತ ನೀವು ಸಾಬೀತು ಮಾಡಬೇಕಿಲ್ಲ. ಅನುಮಾನ ಬಂದರೆ ಸಾಕು. ಬ್ಯಾಚ್ ನಂಬರ್ ಬರೆಯುವುದನ್ನು ಮರೆಯಬೇಡಿ.

ಎಚ್1 ರಿಜಿಸ್ಟರ್ ಬರೆಯೋದು ಸುಮ್ನೆ ತಲೆನೋವು ಅಲ್ವಾ?

2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1, ಅಂದರೆ ಕೊಟ್ಟದ್ದನ್ನು ಬರೆದಿಡಲೇಬೇಕಾದ ಔಷಧಗಳ ಪಟ್ಟಿ, ಜಾರಿಯಲ್ಲಿದೆ. ಬಲವಾದ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸಬಲ್ಲ ಕೆಲವು ಮಾತ್ರೆಗಳು, ಹೀಗೆ ಮೊದಲಿಗೆ 46 ಔಷಧ ಸೇರಿದವು. ಡಾಕ್ಟರು, ರೋಗಿ, ಔಷಧ, ಎಷ್ಟು ಕೊಟ್ಟೆವು ಅನ್ನುವುದನ್ನು ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಕ್ಷಯದ ಔಷಧ ಕೊಂಡವರ ವಿವರ ಆರೋಗ್ಯ ಇಲಾಖೆಗೆ ತಿಳಿಸುವುದೂ 2018ರಿಂದ ನಮ್ಮ ಹೊಣೆ.

ಬರೆಯಲು ಹೊತ್ತು ಹಿಡಿಯುತ್ತೆ, ನಿಜ. ಆದರೆ ಮಾತ್ರೆ ನುಂಗುವುದನ್ನು ನಡುವೆಯೇ ಬಿಟ್ಟ ಕ್ಷಯರೋಗಿ ಯಾರು ಅಂತ ಊರಲ್ಲಿ ಮೊದಲು ಗೊತ್ತಾಗುವುದು ನಮಗೇ. ತಿಂಗಳಾದರೂ ಬರಲಿಲ್ಲ ಅಂತ ರಿಜಿಸ್ಟರ್ ಹೇಳುತ್ತದೆ.

ನಾವೇ ಆಂಟಿಬಯಾಟಿಕ್ ಕೊಡಬಹುದಾ? ಬ್ರ್ಯಾಂಡ್ ಬದಲಿಸಬಹುದಾ?

ಎರಡಕ್ಕೂ ಉತ್ತರ ಒಂದೇ: ಇಲ್ಲ. ಭಾರತದಲ್ಲಿ ಚೀಟಿ ಬರೆಯುವ ಅಧಿಕಾರ ನಮಗಿಲ್ಲ. ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಗಳ ಔಷಧಗಳಲ್ಲಿ ಬರೆದ ಬ್ರ್ಯಾಂಡ್ ಬದಲು ಬೇರೆ ಕೊಡುವಂತೆಯೂ ಇಲ್ಲ. ಸ್ಟಾಕ್ ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಆ ಒಂದು ಫೋನ್‌ನಿಂದಲೇ ಡಾಕ್ಟರಿಗೂ ನಿಮಗೂ ನಂಟು ಬೆಳೆಯುತ್ತದೆ. “ಮೂರು ದಿನಕ್ಕೆ ಸಾಕಾಗೋಷ್ಟು ಕೊಡಿ, ಹೋದ ಸಲದ್ದೇ” ಅಂತ ಬರುವವರಿಗೆ ಇಲ್ಲ ಅನ್ನುವುದು ಕಷ್ಟ, ಗೊತ್ತು. ಪಕ್ಕದ ಅಂಗಡಿಯಲ್ಲಿ ಸಿಗುತ್ತೆ ಅಂತ ಹೋಗಿಬಿಡುತ್ತಾರೆ. ಹೋಗಲಿ. ನಮ್ಮ ಮಕ್ಕಳಿಗೆ ನಾಳೆ ಕೆಲಸ ಮಾಡಬೇಕಾದ ಔಷಧ ಅದು.

ಇಂಗ್ಲೆಂಡ್‌ನಲ್ಲಿ 2024ರ ಜನವರಿ 31ರಿಂದ ಫಾರ್ಮಸಿ ಫಸ್ಟ್ ಅನ್ನುವ ಯೋಜನೆ ನಡೆಯುತ್ತಿದೆ. ಗಂಟಲುನೋವು, ಕಿವಿನೋವು, ಸರ್ಪಸುತ್ತು ಥರದ 7 ತೊಂದರೆಗಳಿಗೆ ಅಲ್ಲಿ ಫಾರ್ಮಾಸಿಸ್ಟೇ ನೋಡಿ, ಬೇಕಾದರೆ ಆಂಟಿಬಯಾಟಿಕ್ ಅಥವಾ ವೈರಸ್ ವಿರುದ್ಧದ ಔಷಧ ಕೊಡಬಹುದು. ಅದರ ಹಿಂದೆ ವರ್ಷಗಟ್ಟಲೆ ತರಬೇತಿ, ಪ್ರತಿಯೊಂದಕ್ಕೂ ಬರೆದಿಟ್ಟ ಕ್ರಮ, ದಾಖಲೆ ಇದೆ. ನಮಗೂ ಅಂಥ ಅಧಿಕಾರ ಬೇಕು ಅಂದರೆ ಮೊದಲು ಈಗಿರುವ ನಿಯಮವನ್ನು ನಾವು ಪಾಲಿಸಿ ತೋರಿಸಬೇಕು.

ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ದುಡ್ಡು ಬರುತ್ತೆ ಅಂತಾರೆ. ಕೊಡಲಾ?

ಬೇಡ. ದಯವಿಟ್ಟು ಬೇಡ.

ಗೋಡೆ ಮೇಲೆ ನಿಮ್ಮ ಹೆಸರು, ಕೌಂಟರ್‌ನಲ್ಲಿ ಓದೇ ಇಲ್ಲದ ಹುಡುಗ. ಅವನ ಕೈಯಿಂದ ಮೆಥೋಟ್ರೆಕ್ಸೇಟ್ ಕವರ್ ಹೋದರೆ ಅದರ ಮೇಲಿನ ಅಕ್ಷರ ನಿಮ್ಮದಲ್ಲ, ಹೊಣೆ ನಿಮ್ಮದು. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯಲ್ಲಿ ಫಾರ್ಮಾಸಿಸ್ಟ್ ಅಲ್ಲದವರು ಔಷಧ ಕೊಟ್ಟರೆ ಹಾಕುವ ದಂಡ 1,000 ರೂಪಾಯಿಯಿಂದ 2 ಲಕ್ಷದವರೆಗೆ ಏರಿದೆ. ನಿಮ್ಮ ನೋಂದಣಿಯೂ ಹೋಗಬಹುದು. ಇನ್ನೊಂದು ಮಾತು. ನಮ್ಮ ಸಂಬಳ ಮೇಲೇಳದೆ ಇರುವುದಕ್ಕೆ ಈ ಬಾಡಿಗೆ ವ್ಯವಹಾರವೂ ಒಂದು ಕಾರಣ. ಕಾಗದ ಅಗ್ಗಕ್ಕೆ ಸಿಗುವಾಗ ಮನುಷ್ಯನಿಗೆ ಯಾರು ಸಂಬಳ ಕೊಡುತ್ತಾರೆ?

ಕ್ಲಿನಿಕಲ್ ಫಾರ್ಮಾಸಿಸ್ಟ್ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ವಾರ್ಡ್‌ಗೆ ಹೋಗಿ ರೋಗಿಯ ಔಷಧಗಳ ಪಟ್ಟಿ ನೋಡುತ್ತಾರೆ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದದ್ದಕ್ಕೂ ಇಲ್ಲಿ ಬರೆದದ್ದಕ್ಕೂ ತಾಳೆ ಹಾಕುತ್ತಾರೆ. ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಇಳಿಸಬೇಕಾ, ಎರಡು ಔಷಧ ಒಂದಕ್ಕೊಂದು ತೊಡರುತ್ತವಾ ಅಂತ ನೋಡಿ ಡಾಕ್ಟರಿಗೆ ಹೇಳುತ್ತಾರೆ. ಈ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಬುನಾದಿ ಇದೆ. 1990ರ ದಶಕದ ಎರಡನೇ ಅರ್ಧದಲ್ಲೇ ಮೈಸೂರು ಮತ್ತು ಪಕ್ಕದ ತಮಿಳುನಾಡಿನ ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು ಫಾರ್ಮಸಿ ಪ್ರಾಕ್ಟಿಸ್‌ನಲ್ಲಿ ಎಂ.ಫಾರ್ಮ್ ಶುರು ಮಾಡಿದವು. ಫಾರ್ಮ್.ಡಿ ಬರುವುದಕ್ಕೆ ಹತ್ತು ವರ್ಷಕ್ಕೂ ಮೊದಲು. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಕೂಡ ಔಷಧ ಮಾಹಿತಿ ಕೇಂದ್ರ ನಡೆಸಿಕೊಂಡು ಬಂದಿದೆ. ಗೊತ್ತಿಲ್ಲದ್ದನ್ನು ಅಂಥ ಕಡೆ ಕೇಳಲು ನಾಚಬೇಡಿ.

ದುಃಖದ ಸಂಗತಿ ಅಂದರೆ 6 ವರ್ಷ ಓದಿದ ಮಕ್ಕಳಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ಈ ಹುದ್ದೆಯೇ ಇಲ್ಲ. ಬಿಲ್ಲಿಂಗ್‌ನಲ್ಲಿ ಕೂರಿಸುತ್ತಾರೆ. ಹುದ್ದೆ ಇಲ್ಲದೆ ಓದು ಮಾತ್ರ ಹೆಚ್ಚಿಸಿದರೆ ಮಕ್ಕಳ ಮನಸ್ಸು ಮುರಿಯುತ್ತದೆ. ಇದನ್ನು ಗಟ್ಟಿಯಾಗಿ ಹೇಳಬೇಕಾದವರು ನಾವು ಹಿರಿಯರು.

ಹೊರದೇಶಕ್ಕೆ ಹೋಗಬೇಕು ಅಂತಿದ್ದೇನೆ. ಯಾವ ಓದು ಬೇಕು?

ಮೊದಲು ದೇಶ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕೋರ್ಸ್. ಅಮೆರಿಕಕ್ಕೆ 4 ವರ್ಷದ ಬಿ.ಫಾರ್ಮ್ ಸಾಲದು. 2003ರಿಂದೀಚೆಗೆ ಪದವಿ ಪಡೆದವರಿಗೆ ಕನಿಷ್ಠ 5 ವರ್ಷದ ಫಾರ್ಮಸಿ ಓದು ಕೇಳುತ್ತಾರೆ. ಅಲ್ಲಿ ಫಾರ್ಮ್.ಡಿ ಕೆಲಸಕ್ಕೆ ಬರುತ್ತದೆ. ಬ್ರಿಟನ್‌ನಲ್ಲಿ ಒಂದು ವರ್ಷದ ಸೇತುವೆ ಕೋರ್ಸ್, ಆಮೇಲೆ 52 ವಾರದ ತರಬೇತಿ, ಪರೀಕ್ಷೆ. ಆಸ್ಟ್ರೇಲಿಯಾದಲ್ಲಿ 2025ರಿಂದ ಹೊರದೇಶದ ಫಾರ್ಮಾಸಿಸ್ಟ್‌ಗಳಿಗೆ ಹಳೆಯ ಕ್ಯಾಪ್ಸ್ ಪರೀಕ್ಷೆ ಬದಲು ಓಪ್ರಾ ಪರೀಕ್ಷೆ ಬಂದಿದೆ. ಗಲ್ಫ್‌ಗೆ ಅನುಭವದ ಪತ್ರಗಳು ಚೊಕ್ಕವಾಗಿರಬೇಕು. ಅಲ್ಲಿನವರು ಒಂದೊಂದನ್ನೂ ಮೂಲಕ್ಕೇ ಕೇಳಿ ಪರಿಶೀಲಿಸುತ್ತಾರೆ. ಬಾಡಿಗೆ ಸರ್ಟಿಫಿಕೇಟ್‌ನ ಅನುಭವ ಅಲ್ಲಿ ನಿಲ್ಲುವುದಿಲ್ಲ.

ಆನ್‌ಲೈನ್‌ನಲ್ಲಿ ಔಷಧ ಮನೆ ಬಾಗಿಲಿಗೆ ಬರುತ್ತೆ. ನಮ್ಮ ಕೆಲಸ ಉಳಿಯುತ್ತಾ?

ಮಾತ್ರೆ ಎತ್ತಿಕೊಡುವಷ್ಟೇ ಕೆಲಸ ಆಗಿದ್ದರೆ ಉಳಿಯುವುದು ಕಷ್ಟ. ಆನ್‌ಲೈನ್ ಮಾರಾಟಕ್ಕೆ ಕೇಂದ್ರ 2018ರಲ್ಲೇ ಕರಡು ನಿಯಮ ತಂದಿತ್ತು. ಅದು ಹೇಗೇ ಮುಗಿಯಲಿ, ಚೀಟಿ ನೋಡುವ ಫಾರ್ಮಾಸಿಸ್ಟ್ ಅಲ್ಲೂ ಬೇಕು. ಸ್ವಂತ ಅಂಗಡಿ ಇಡುವ ಆಸೆ ಇದ್ದರೆ ಜನೌಷಧಿ ಕೇಂದ್ರದ ದಾರಿಯನ್ನೂ ನೋಡಿ. ಅಗ್ಗದ ಮಾತ್ರೆ ಕೆಲಸ ಮಾಡುತ್ತಾ ಅಂತ ದಿನಾ ಕೇಳುವ ಜನಕ್ಕೆ ಸಮಾಧಾನದಿಂದ ಉತ್ತರ ಹೇಳಬೇಕಾಗುತ್ತದೆ. ಅದೂ ಫಾರ್ಮಾಸಿಸ್ಟ್ ಕೆಲಸವೇ.

ನನಗೆ 45 ವರ್ಷ. ಈಗ ಮತ್ತೆ ಕ್ಲಾಸಿಗೆ ಹೋಗೋದು ತಡ ಆಯ್ತಾ?

ನಾನು ಮತ್ತೆ ಕ್ಲಾಸಿಗೆ ಕೂತಾಗ ನನ್ನ ಪಕ್ಕದಲ್ಲಿ ಕೂತವರಿಗೆ ನನಗಿಂತ ಜಾಸ್ತಿ ವಯಸ್ಸಾಗಿತ್ತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಅವರಿಗೆ. ಮೊದಲ ವಾರ ಪುಸ್ತಕ ಕಂಡರೆ ನಿದ್ದೆ ಬರುತ್ತೆ ಅನ್ನುತ್ತಿದ್ದರು. ಒಂದು ದಿನ ಮೇಷ್ಟ್ರು ಕಿಡ್ನಿ ತೊಂದರೆ ಇರುವವರಿಗೆ ನೋವಿನ ಮಾತ್ರೆ ಯಾಕೆ ಕೊಡಬಾರದು ಅಂತ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದರು. ನನ್ನ ಪಕ್ಕದವರು ಬರೆಯುವುದನ್ನು ನಿಲ್ಲಿಸಿ, ಜೇಬಿನಿಂದ ಮೊಬೈಲ್ ತೆಗೆದು ಹೊರಗೆ ಹೋದರು. ವಾಪಸ್ ಬಂದಾಗ ಏನಾಯ್ತು ಅಂತ ಕೇಳಿದೆ. “ನಮ್ಮೂರಲ್ಲಿ ಒಬ್ಬ ಅಜ್ಜ ಇದ್ದಾನೆ, ಡಯಾಲಿಸಿಸ್‌ಗೆ ಹೋಗ್ತಾನೆ. ಸೊಂಟನೋವು ಅಂತ ಅಂಗಡಿಯಿಂದ ಮಾತ್ರೆ ತರಿಸಿಕೊಂಡು ನುಂಗ್ತಾ ಇರ್ತಾನೆ. ಅವನ ಮಗನಿಗೆ ಹೇಳ್ದೆ, ಇವತ್ತಿಂದ ನಿಲ್ಲಿಸಿ ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗಪ್ಪ ಅಂತ” ಅಂದರು. ಪೆನ್ ಎತ್ತಿಕೊಂಡು, ಬಿಟ್ಟುಹೋದ ಸಾಲು ಯಾವುದು ಅಂತ ನನ್ನ ನೋಟ್ಸ್ ಕಡೆ ಬಗ್ಗಿದರು.